ಜೀಪಿನ ಮೆಟ್ಟಿಲಡಿಯ ತುಕ್ಕು

ಹಲಗೂರು ದಾಟಿ ಮುತ್ತತ್ತಿಯ ಕಾಡಿಗೆ ಇಳಿಯುವ ಜೀಪು, ಥಾರ್, ಬೊಲೆರೊಗಳ ಸೈಡ್ ಸ್ಟೆಪ್ಪಿಗೆ ಮೊದಲ ಪೆಟ್ಟು ಬೀಳುವುದು ಅದರ ಮುಂದಿನ ಒಂದು ಗೇಣಿನಲ್ಲಿ. ಮುಂಚಕ್ರ ಸಿಡಿಸಿದ ಜಲ್ಲಿ ನೇರವಾಗಿ ಬಂದು ಬಡಿಯುವ ಜಾಗ ಅದು. ಮಳವಳ್ಳಿ ಸೀಮೆಯ ನೆಲ ಬಹು ಹಳೆಯ ನೈಸ್ ಬಂಡೆ ಸವೆದು ಆದದ್ದು. ಆ ಬಂಡೆಯೊಳಗಿನ ಬೆಣಚುಕಲ್ಲಿನ ಹರಳು ಸ್ಟೆಪ್ಪಿನ ಉಕ್ಕಿಗಿಂತ ಗಟ್ಟಿ. ಒಂದೊಂದು ಹರಳೂ ಕಪ್ಪು ಲೇಪದಿಂದ ಒಂದೊಂದು ಸಣ್ಣ ಚುಕ್ಕೆಯನ್ನು ಕೀಳುತ್ತದೆ. ಕಿತ್ತ ಗಳಿಗೆಯಲ್ಲಿ ಅಲ್ಲಿ ಬರಿಯ ಲೋಹ ಬೂದು ಬಣ್ಣಕ್ಕೆ ಹೊಳೆಯುತ್ತಿರುತ್ತದೆ. ಹಸ್ತ, ಚಿತ್ತೆ ಮಳೆಯ ದಿನಗಳಾದರೆ ಮಾರನೆಯ ಬೆಳಗಿನ ಹೊತ್ತಿಗೆ ಕಿತ್ತಳೆ ಕಾಣಿಸಿಕೊಂಡಿರುತ್ತದೆ. ಬಿರುಬೇಸಿಗೆಯಾದರೆ ಅದೇ ಚುಕ್ಕೆ ವಾರಗಟ್ಟಲೆ ಬೂದಾಗಿಯೇ ಉಳಿದು ಭರಣಿ ಮಳೆಯವರೆಗೆ ಕಾಯುತ್ತದೆ.

ಮುತ್ತತ್ತಿಗೆ ನಾನು ಹೋಗುವುದು ನೀರುನಾಯಿ ನೋಡಲು, ಹೊಳೆದಂಡೆಯ ಮರಗಳಲ್ಲಿ ಬೂದು ಬಣ್ಣದ ದೊಡ್ಡ ಅಳಿಲು ನೋಡಲು. ಈ ಕಾಡು 1987ರಲ್ಲಿ ಕಾವೇರಿ ವನ್ಯಜೀವಿಧಾಮಕ್ಕೆ ಸೇರಿತು. ಬಂಡೆಯ ಮೇಲಿನ ಕಲ್ಲುಹೂವು ನೋಡಲೆಂದು ಜೇಬಿನಲ್ಲಿಟ್ಟುಕೊಂಡ ಹತ್ತುಪಟ್ಟಿನ ಮಸೂರವನ್ನು ಜೀಪಿನ ಮೆಟ್ಟಿಲಿಗೆ ಹಿಡಿಯುವುದು ಯಾವಾಗ ಶುರುವಾಯಿತೋ, ಆಮೇಲೆ ಬಿಡಲಾಗಲಿಲ್ಲ. ತುಕ್ಕಿಗೆ ಜೀವವಿಲ್ಲ. ಆದರೆ ಅದಕ್ಕೆ ಋತುವಿದೆ, ಆಹಾರವಿದೆ, ಇಷ್ಟದ ಮೂಲೆಗಳಿವೆ. ಹಕ್ಕಿ ನೋಡುವವನಿಗೆ ಬೇಕಾದಷ್ಟೇ ತಾಳ್ಮೆ ಇದಕ್ಕೂ ಬೇಕು. ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಗಾಡಿ ನಿಂತಲ್ಲೆಲ್ಲ ಕುಕ್ಕರಗಾಲಲ್ಲಿ ಕೂತು ಕಂಡದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಮೊದಲು ಕಲಿಯಬೇಕಾದದ್ದು ಮಣ್ಣನ್ನೂ ತುಕ್ಕನ್ನೂ ಬೇರ್ಪಡಿಸಿ ನೋಡುವುದು. ಮಳವಳ್ಳಿಯ ಕೆಮ್ಮಣ್ಣಿಗೆ ಆ ಬಣ್ಣ ಬಂದಿರುವುದೇ ಕಬ್ಬಿಣದ ಆಕ್ಸೈಡಿನಿಂದ. ಯಾವತ್ತೋ ತುಕ್ಕಾಗಿ ಮುಗಿದ ಕಬ್ಬಿಣ ಅದು. ಉಕ್ಕಿನ ಮೇಲೆ ಕೂತರೂ ತಾನಾಗಿ ಏನೂ ಮಾಡದು, ತೇವ ಹಿಡಿದಿಟ್ಟರಷ್ಟೇ ತೊಂದರೆ. ಒದ್ದೆ ಬೆರಳಿನಲ್ಲಿ ಉಜ್ಜಿದರೆ ಮಣ್ಣು ಬೆರಳಿಗೆ ಬಂದುಬಿಡುತ್ತದೆ, ಕೆಳಗೆ ಲೇಪ ಕರ್ರಗೆ ಹಾಗೇ ಇರುತ್ತದೆ. ತುಕ್ಕು ಹಾಗೆ ಬಿಟ್ಟುಕೊಡುವುದಿಲ್ಲ. ಅದಕ್ಕೊಂದು ಹುಟ್ಟುವ ಬಿಂದು ಇರುತ್ತದೆ. ಅಲ್ಲಿಂದ ಕೆಳಮುಖವಾಗಿ ಸಣ್ಣ ಕಂದು ಗೆರೆ ಇಳಿದಿರುತ್ತದೆ. ಗೆರೆಯನ್ನು ಹಿಡಿದು ಮೇಲಕ್ಕೆ ಹೋದರೆ ಒಂದು ಬೋಲ್ಟು, ಒಂದು ವೆಲ್ಡಿಂಗ್ ಗಂಟು, ಇಲ್ಲವೆ ಪೈಪಿನ ತುದಿ ಸಿಗುತ್ತದೆ. ಬಣ್ಣದಲ್ಲೂ ವಯಸ್ಸು ಗೊತ್ತಾಗುತ್ತದೆ. ಹೊಸ ತುಕ್ಕು ಉರಿಗಿತ್ತಳೆ, ಮುಟ್ಟಿದರೆ ಪುಡಿ. ಹಳೆಯದು ಗಾಢ ಕಂದು, ಪದರ ಪದರ. ಆ ಪದರವನ್ನು ಚಾಕುವಿನಿಂದ ಎಬ್ಬಿಸಿದರೆ ಗಾಳಿ ಸರಿಯಾಗಿ ಸಿಗದ ತಳದಲ್ಲಿ ಕರಿಯ ಪದರ ಇರುತ್ತದೆ. ಅದು ಮ್ಯಾಗ್ನಟೈಟ್, ಅಯಸ್ಕಾಂತಕ್ಕೆ ಅಂಟುವ ತುಕ್ಕು.

ಇನ್ನು ಲೇಪದ ವಿಚಾರ. ಪೌಡರ್ ಕೋಟಿಂಗ್ ಎಂದರೆ ದ್ರವದ ಬಣ್ಣವಲ್ಲ, ಒಣ ಪುಡಿ. ಪಾಲಿಯೆಸ್ಟರ್ ಅಥವಾ ಎಪಾಕ್ಸಿ ರಾಳದ ನುಣ್ಣನೆಯ ಪುಡಿಗೆ ಸ್ಪ್ರೇ ಗನ್ನಿನ ತುದಿಯಲ್ಲಿ ಅರವತ್ತು ಸಾವಿರದಿಂದ ಒಂದು ಲಕ್ಷ ವೋಲ್ಟಿನ ವಿದ್ಯುತ್ತು ತುಂಬುತ್ತಾರೆ. ನೆಲಕ್ಕೆ ತಂತಿ ಕೊಟ್ಟು ತೂಗುಹಾಕಿದ ಕಬ್ಬಿಣಕ್ಕೆ ಪುಡಿ ತಾನಾಗಿ ಹೋಗಿ ಅಂಟಿಕೊಳ್ಳುತ್ತದೆ. ಆಮೇಲೆ 180ರಿಂದ 200 ಡಿಗ್ರಿ ಸೆಲ್ಸಿಯಸ್ಸಿನ ಓವನ್ನಿನಲ್ಲಿ ಹತ್ತಿಪ್ಪತ್ತು ನಿಮಿಷ ಬೇಯಿಸಿದರೆ ಪುಡಿ ಕರಗಿ, ಹರಡಿ, ಗಟ್ಟಿಯಾಗಿ ಕೂರುತ್ತದೆ. ದಪ್ಪ ಸಾಮಾನ್ಯವಾಗಿ 60ರಿಂದ 80 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಜರ್ಮನಿಯಲ್ಲಿ ಎರ್ವಿನ್ ಗೆಮ್ಮರ್ 1950ರ ದಶಕದಲ್ಲಿ ಬಿಸಿ ಮಾಡಿದ ಲೋಹವನ್ನು ಗಾಳಿಯಲ್ಲಿ ಕುದಿಯುವ ಪುಡಿಯೊಳಗೆ ಅದ್ದುವ ವಿಧಾನ ಕಂಡುಹಿಡಿದದ್ದರಿಂದ ಈ ವಿದ್ಯೆ ಬೆಳೆಯಿತು. ಎಪಾಕ್ಸಿ ಲೋಹಕ್ಕೆ ಗಟ್ಟಿಯಾಗಿ ಅಂಟುತ್ತದೆ, ಆದರೆ ನಮ್ಮ ಬಿಸಿಲಿಗೆ ಸುಣ್ಣ ಬಳಿದಂತೆ ಬಿಳಿಚಿಕೊಳ್ಳುತ್ತದೆ. ಪಾಲಿಯೆಸ್ಟರ್ ಬಿಸಿಲು ತಡೆಯುತ್ತದೆ. ಹೊರಗಿರುವ ಸೈಡ್ ಸ್ಟೆಪ್ಪಿಗೆ ಮೇಲೆ ಪಾಲಿಯೆಸ್ಟರೇ ಇರಬೇಕು.

ಆದರೆ ಬಾಳಿಕೆ ನಿಂತಿರುವುದು ಪುಡಿಯ ಮೇಲೆ ಅಲ್ಲ, ಪುಡಿ ಹೊಡೆಯುವ ಮೊದಲು ನಡೆಯುವ ಕೆಲಸದ ಮೇಲೆ. ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳ ಕಡೆ ಇದನ್ನು ಏಳು ಟ್ಯಾಂಕಿನ ಕೆಲಸ ಎನ್ನುತ್ತಾರೆ. ಜಿಡ್ಡು ತೆಗೆಯುವ ತೊಟ್ಟಿ, ಆಮ್ಲದಲ್ಲಿ ತುಕ್ಕು ಬಿಡಿಸುವ ತೊಟ್ಟಿ, ನಡುನಡುವೆ ನೀರಿನ ತೊಟ್ಟಿಗಳು, ಫಾಸ್ಫೇಟಿನ ತೊಟ್ಟಿ, ಕೊನೆಗೆ ಪ್ಯಾಸಿವೇಶನ್. ಫಾಸ್ಫೇಟಿನ ತೊಟ್ಟಿಯಲ್ಲಿ ಉಕ್ಕಿನ ಮೈಮೇಲೆ ಸಣ್ಣ ಸಣ್ಣ ಹರಳುಗಳ ಬೂದು ಪದರ ಬೆಳೆಯುತ್ತದೆ. ಲೇಪಕ್ಕೆ ಹಿಡಿತ ಕೊಡುವುದು, ಲೇಪ ಒಡೆದಾಗ ತುಕ್ಕು ಪಕ್ಕಕ್ಕೆ ಹರಿಯದಂತೆ ತಡೆಯುವುದು ಎರಡೂ ಆ ಪದರದ ಕೆಲಸ. ಅಗ್ಗದ ಸ್ಟೆಪ್ಪಿನಲ್ಲಿ ಉಳಿತಾಯ ಮಾಡುವುದೂ ಅಲ್ಲೇ. ಬಟ್ಟೆಯಲ್ಲಿ ಥಿನ್ನರ್ ಒರೆಸಿ, ನೇರವಾಗಿ ಪುಡಿ ಹೊಡೆದು ಓವನ್ನಿಗೆ ನೂಕಿದರೂ ಹೊರಗೆ ಬಂದ ದಿನ ಎರಡೂ ಒಂದೇ ಥರ ಮಿಂಚುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿ ಮುಂದೆ ಸಾಲಾಗಿ ನಿಲ್ಲಿಸಿದ ಸ್ಟೆಪ್ಪುಗಳಲ್ಲಿ ಯಾವುದಕ್ಕೆ ಫಾಸ್ಫೇಟ್ ಆಗಿದೆ, ಯಾವುದಕ್ಕೆ ಆಗಿಲ್ಲ ಎಂದು ಕಣ್ಣಿನಲ್ಲಿ ನೋಡಿ ಹೇಳಲು ಯಾರಿಂದಲೂ ಆಗದು. ಹೇಳುವುದು ಮಳೆಗಾಲ.

ಮದ್ದೂರಿನ ಹಳೆ ಹೆದ್ದಾರಿಯ ಬದಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡಿರುವ ಒಬ್ಬರು ಇದನ್ನು ಒಂದೇ ಮಾತಿನಲ್ಲಿ ಹೇಳಿದರು: "ಮ್ಯಾಲೆ ಬಣ್ಣ ನೋಡಬ್ಯಾಡಿ ಸಾರ್, ತಳಕ್ಕೆ ಕೈ ಆಕಿ ನೋಡಿ." ಆಮೇಲೆ ತಾವೇ ಒಂದು ಬೊಲೆರೊದ ಅಡಿಗೆ ತೂರಿ, ಬ್ರಾಕೆಟ್ಟು ಪೈಪಿಗೆ ಸೇರುವ ಒಳಮೂಲೆಯನ್ನು ಉಗುರಿನಿಂದ ಕೆರೆದು ತೋರಿಸಿದರು. ಹೊರಮೈ ಕನ್ನಡಿಯ ಹಾಗೆ ಇದ್ದ ಸ್ಟೆಪ್ಪು ಅಲ್ಲಿ ಬೋಳಾಗಿತ್ತು.

ಅದಕ್ಕೆ ಕಾರಣ ವಿದ್ಯುತ್ತಿನದೇ. ವಿದ್ಯುತ್ತು ತುಂಬಿದ ಪುಡಿ ಹತ್ತಿರದ ಚಾಚಿದ ಭಾಗಗಳಿಗೆ ಹೋಗಿ ಕೂರುತ್ತದೆ. ಇಕ್ಕಟ್ಟಿನ ಒಳಮೂಲೆಗೆ ಇಳಿಯುವುದಿಲ್ಲ. ಫ್ಯಾರಡೆ ಹೇಳಿದ ಪಂಜರದ ತತ್ವ ಇಲ್ಲೂ ದುಡಿಯುತ್ತದೆ. ಚೂಪು ಅಂಚುಗಳ ಕಷ್ಟ ಬೇರೆ: ಅಲ್ಲಿಗೆ ಪುಡಿಯೇನೋ ಚೆನ್ನಾಗಿ ಅಂಟುತ್ತದೆ, ಆದರೆ ಓವನ್ನಿನಲ್ಲಿ ಕರಗಿದಾಗ ಅಂಚಿನಿಂದ ಹಿಂದಕ್ಕೆ ಸರಿದು ತೆಳುವಾಗುತ್ತದೆ. ಕತ್ತರಿಸಿದ ತಗಡಿನ ಅಂಚನ್ನು ಉಜ್ಜಿ ದುಂಡಗೆ ಮಾಡದೆ ಪುಡಿ ಹೊಡೆಸಿದ ಸ್ಟೆಪ್ಪುಗಳಲ್ಲಿ ತುಕ್ಕು ಮೊದಲು ಬಿಡಿಸುವ ಗೆರೆ ಆ ಅಂಚೇ. ವೆಲ್ಡಿಂಗ್ ಮಾಡುವಾಗ ಸಿಡಿದ ಸಣ್ಣ ಗುಂಡುಗಳನ್ನು ತೆಗೆಯದೆ ಬಿಟ್ಟರೆ ಒಂದೊಂದರ ನೆತ್ತಿಯಲ್ಲೂ ಲೇಪ ತೆಳು. ಬೋಲ್ಟು ಬಿಗಿಯುವಾಗ ವಾಷರಿನ ಕೆಳಗೆ ಲೇಪ ಬಿರುಕು ಬಿಡುತ್ತದೆ. ಆ ಬೋಲ್ಟು ಚೆಂದ ಕಾಣಲೆಂದು ಸ್ಟೇನ್‌ಲೆಸ್ ಸ್ಟೀಲಿನದಾಗಿದ್ದರೆ ಇನ್ನೂ ಕಷ್ಟ: ನೀರು ನಿಂತಾಗ ಎರಡು ಲೋಹಗಳ ನಡುವೆ ಸಣ್ಣ ಬ್ಯಾಟರಿಯೇ ಹುಟ್ಟಿಕೊಂಡು, ಬಿರುಕಿನಲ್ಲಿ ಬಯಲಾದ ಚೂರು ಕಬ್ಬಿಣ ಇಡೀ ಬೋಲ್ಟಿನ ಸಾಲ ತೀರಿಸಬೇಕಾಗುತ್ತದೆ.

ಇವೆಲ್ಲ ತುಕ್ಕಿನ ಇಷ್ಟದ ಮೂಲೆಗಳು. ಅದರ ನಡಿಗೆಯನ್ನು ನಾನು ಸರಿಯಾಗಿ ನೋಡಿದ್ದು ಮಂಡ್ಯದ ಪಕ್ಕದ ನಾಲೆಬದಿಯ ಊರಿನಲ್ಲಿ, ಮನೆಯ ಮುಂದಿನ ಹೊಂಗೆಯ ಕೆಳಗೆ ನಿಲ್ಲುತ್ತಿದ್ದ ಗೆಳೆಯರೊಬ್ಬರ ಹಳೆಯ ಜೀಪಿನಲ್ಲಿ. ಅದರ ಸ್ಟೆಪ್ಪಿನದು ಈಗಿನವರು ಮೆಚ್ಚುವ ಮರಳು ಮರಳಾದ ಮ್ಯಾಟ್ ಕಪ್ಪಲ್ಲ, ನುಣುಪು ಕಪ್ಪು. ಹಾಗಾಗಿ ಲೇಪದಡಿಯ ಸಣ್ಣ ಉಬ್ಬೂ ಕಣ್ಣಿಗೆ ಬೀಳುತ್ತಿತ್ತು. ಒಂದು ಗೀರಿನ ಅಂಚಿನಿಂದ ಲೇಪದ ಕೆಳಗೇ ದಾರದ ಎಳೆಗಳು ಹೊರಟಿದ್ದವು. ಅಗಲ ಅರ್ಧ ಮಿಲಿಮೀಟರೂ ಇಲ್ಲ. ಲೇಪ ಎಲ್ಲೂ ಒಡೆದಿಲ್ಲ, ಬರಿಯ ಉಬ್ಬು. ಬೆಳಗಿನ ಓರೆ ಬಿಸಿಲಿನಲ್ಲಿ ನೋಡಿದರೆ ಮಾತ್ರ ಕಾಣುವಂಥವು. ಮಸೂರ ಹಿಡಿದರೆ ಪ್ರತಿ ಎಳೆಗೂ ಒಂದು ತಲೆ. ತಲೆಯ ಹಿಂದೆ ಕಂದಾಗಿ ಒಣಗಿದ ಬಾಲ.

ತಲೆಯೊಳಗೆ ಒಂದು ಹನಿ ದ್ರವವಿರುತ್ತದೆ, ಆಮ್ಲದ ಹುಳಿ ಕಟ್ಟಿದ ದ್ರವ. ಅಲ್ಲಿ ಆಮ್ಲಜನಕ ಕಡಮೆ, ಕಬ್ಬಿಣ ಕರಗುತ್ತಾ ಹೋಗುತ್ತದೆ. ಬಾಲದ ತುಕ್ಕು ಸಡಿಲವಾದ್ದರಿಂದ ಅದರ ಮೂಲಕ ಗಾಳಿ ಒಳಗೆ ಬರುತ್ತದೆ. ಮುಂದೆ ಗಾಳಿಯ ಬರ, ಹಿಂದೆ ಗಾಳಿಯ ಸಮೃದ್ಧಿ. ಈ ವ್ಯತ್ಯಾಸವೇ ಎಳೆಯನ್ನು ಮುಂದಕ್ಕೆ ನೂಕುವ ಶಕ್ತಿ. ಗಾಳಿಯಲ್ಲಿ ತೇವಾಂಶ ನೂರಕ್ಕೆ ಅರವತ್ತೈದರ ಮೇಲಿರಬೇಕು. ಹದ ಸಿಕ್ಕರೆ ದಿನಕ್ಕೆ ಅರ್ಧ ಮಿಲಿಮೀಟರಿನವರೆಗೂ ನಡೆಯುತ್ತದೆ. ಲೋಹಶಾಸ್ತ್ರದವರು ಇದಕ್ಕೆ ಫಿಲಿಫಾರ್ಮ್ ಸವೆತ ಎಂದು ಹೆಸರಿಟ್ಟಿದ್ದಾರೆ.

ಬಿಳಿ ಪೇಂಟ್ ಪೆನ್ನಿನಿಂದ ತಲೆಗಳ ಮುಂದೆ ಚುಕ್ಕೆ ಇಟ್ಟು, ಹೋದಾಗಲೆಲ್ಲ ನೋಡುತ್ತ ಬಂದೆ. ಮಾರ್ಗಶಿರ, ಪುಷ್ಯದ ತಿಂಗಳುಗಳಲ್ಲಿ ಮಳೆ ಇರುವುದಿಲ್ಲ, ಆದರೆ ನಾಲೆಯ ನೀರು, ನೆನೆದ ಗದ್ದೆ, ಕಬ್ಬಿನ ತೋಟ ಸೇರಿ ರಾತ್ರಿಯೆಲ್ಲ ಮಂಜು ಕಟ್ಟುತ್ತವೆ. ಎಳೆಗಳು ಆಗಲೂ ನಡೆದವು. ಮಾರ್ಚಿ, ಏಪ್ರಿಲಿನ ಒಣಗಾಳಿಗೆ ನಿಂತುಹೋದವು. ಸತ್ತವೆಂದು ಕಾಣುತ್ತಿದ್ದ ಎಳೆಗಳಲ್ಲಿ ಕೆಲವು ಮುಂಗಾರಿನ ಮೊದಲ ಮಳೆಗಳ ನಂತರ ನಿಂತಲ್ಲಿಂದಲೇ ಮುಂದುವರಿದವು. ನನ್ನನ್ನು ಬಹಳ ಹೊತ್ತು ಹಿಡಿದು ಕೂರಿಸಿದ್ದು ಇನ್ನೊಂದು ಗುಣ. ಒಂದು ಎಳೆ ಇನ್ನೊಂದನ್ನು ದಾಟುವುದಿಲ್ಲ. ಹಳೆಯ ಬಾಲವೊಂದು ಅಡ್ಡ ಬಂದರೆ ತಲೆ ಹೊರಳಿ ಬೇರೆ ದಿಕ್ಕು ಹಿಡಿಯುತ್ತದೆ, ಇಲ್ಲವೆ ಅಲ್ಲೇ ನಿಂತುಬಿಡುತ್ತದೆ. ಬಾಲದ ಜಾಗದಲ್ಲಿ ಗಾಳಿ ಆಗಲೇ ತುಂಬಿರುವುದರಿಂದ ಹೊಸ ತಲೆಗೆ ಬೇಕಾದ ಬರ ಅಲ್ಲಿ ಸಿಗುವುದಿಲ್ಲ. ಹೀಗೆ ಒಂದನ್ನೊಂದು ತಪ್ಪಿಸಿಕೊಂಡು ಹೊರಳಿದ ಎಳೆಗಳು ಒಂದು ಅಂಗೈ ಜಾಗದಲ್ಲಿ ಎಂಥ ನಕ್ಷೆ ಬರೆದಿದ್ದವೆಂದರೆ, ಅದನ್ನು ಉಜ್ಜಿ ತೆಗೆಯಲು ಗೆಳೆಯರು ಉಪ್ಪುಕಾಗದ ತಂದಾಗ ಇನ್ನೊಂದು ಮಳೆಗಾಲ ಬಿಡಿ ಎಂದು ಬೇಡಿಕೊಂಡೆ. ಅವರು ಬಿಟ್ಟರು. ಫಾಸ್ಫೇಟ್ ಪದರ ಚೆನ್ನಾಗಿ ಕೂತ ಸ್ಟೆಪ್ಪುಗಳಲ್ಲಿ ಈ ಎಳೆಗಳು ಹುಡುಕಿದರೂ ಸಿಗುವುದು ಕಷ್ಟ.

ಇಂಥ ಎಳೆ ಹುಟ್ಟಬೇಕಾದರೆ ಬರಿಯ ನೀರು ಸಾಲದು, ಉಪ್ಪಿನ ಒಂದು ಕಣ ಬೇಕು. ಕಡಲು ನೂರಾರು ಕಿಲೋಮೀಟರು ದೂರದ, ಘಟ್ಟದ ಈಚೆಗಿನ ಮಂಡ್ಯಕ್ಕೆ ಉಪ್ಪು ಎಲ್ಲಿಂದ ಬರುತ್ತದೆ?

ಒಂದು ಮೂಲ ನೆಲವೇ. ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಬರತೊಡಗಿದ್ದು 1930ರ ದಶಕದಲ್ಲಿ. ನೀರು ಬಂದದ್ದರಿಂದ ಈ ಸೀಮೆ ಬದುಕಿತು; ಆದರೆ ನೀರು ಬಸಿದು ಹೋಗದೆ ನಿಂತ ತಗ್ಗಿನ ಗದ್ದೆಗಳು ಚೌಳಾದವು. ಬೇಸಿಗೆಯಲ್ಲಿ ಅಂಥ ಗದ್ದೆಯ ಬದುವಿನ ಮೇಲೆ ಬೆಳ್ಳಗೆ ಉಪ್ಪು ಉಕ್ಕಿರುವುದನ್ನು ರೈತರು ನೋಡುತ್ತಲೇ ಇರುತ್ತಾರೆ. ಆ ಕೆಸರು ಜೀಪಿನ ತಳಕ್ಕೆ ಎರಚಿ, ಸ್ಟೆಪ್ಪಿನ ಒಳಬದಿಯಲ್ಲಿ ಹೆಪ್ಪುಗಟ್ಟಿ ಕೂತರೆ, ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವ ಇರುತ್ತದೆ. ಉಪ್ಪು ಗಾಳಿಯ ನೀರನ್ನು ತಾನೇ ಎಳೆದುಕೊಳ್ಳುತ್ತದೆ.

ಎರಡನೆಯದು ಗೊಬ್ಬರ. ಪೊಟ್ಯಾಶ್ ಎಂದು ಅಂಗಡಿಯಲ್ಲಿ ಕೊಡುವುದು ಪೊಟ್ಯಾಸಿಯಂ ಕ್ಲೋರೈಡ್. ಅದರ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಕ್ಲೋರಿನ್. ನಾಟಿಯ ಕಾಲದಲ್ಲಿ ಚೀಲವನ್ನು ಜೀಪಿಗೆ ಏರಿಸುವಾಗ ಒಂದು ಗಳಿಗೆ ಸ್ಟೆಪ್ಪಿನ ಮೇಲೆ ಊರುತ್ತಾರೆ. ಚೀಲದ ಹೊಲಿಗೆಯಿಂದ ನಾಲ್ಕು ಕಾಳು ಉದುರಿ, ಕಾಲಿಡಲು ಕೂರಿಸಿದ ರಬ್ಬರ್ ಪ್ಯಾಡಿನ ಕೆಳಗೆ ಸೇರುತ್ತವೆ. ಪ್ಯಾಡು ತೆಗೆದು ನೋಡುವವರು ಯಾರೂ ಇಲ್ಲ. ಒಮ್ಮೆ ತೆಗೆಸಿ ನೋಡಿದಾಗ ಪ್ಯಾಡಿನ ಅಚ್ಚಿನಲ್ಲೇ, ಅದರ ಗೆರೆಗೆರೆಯನ್ನೂ ತಪ್ಪದೆ, ಲೇಪ ಎದ್ದಿತ್ತು. ಕ್ಲೋರೈಡಿನ ಕೆಟ್ಟ ಗುಣವೆಂದರೆ ಅದು ಖರ್ಚಾಗುವುದಿಲ್ಲ. ಕಬ್ಬಿಣವನ್ನು ಕರಗಿಸಿ, ತುಕ್ಕಾಗಿಸಿ, ತಾನು ಬಿಡುಗಡೆಯಾಗಿ ಮತ್ತೆ ಹೊಸ ಕಬ್ಬಿಣಕ್ಕೆ ಹೋಗುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುವುದರಿಂದ ಲೇಪವನ್ನು ಕೆಳಗಿನಿಂದ ಎತ್ತುತ್ತದೆ. ಎತ್ತಿದಷ್ಟೂ ಹೊಸ ಜಾಗ ತೆರೆಯುತ್ತದೆ.

ಮೂರನೆಯದು ಪ್ರವಾಸ. ಧರ್ಮಸ್ಥಳ, ಕೊಲ್ಲೂರು ಮುಗಿಸಿ ಮಲ್ಪೆಗೋ ಮುರುಡೇಶ್ವರಕ್ಕೋ ಹೋಗಿ, ತೆರೆಯ ಅಂಚಿನ ಮರಳಲ್ಲಿ ಗಾಡಿ ಓಡಿಸಿ, ಫೋಟೊ ತೆಗೆಸಿಕೊಂಡು ಬಂದ ಜೀಪು ವರ್ಷವಿಡೀ ಆ ಉಪ್ಪನ್ನು ಸ್ಟೆಪ್ಪಿನ ಪೈಪಿನೊಳಗೆ ಹೊತ್ತುಕೊಂಡಿರುತ್ತದೆ. ಊರಿಗೆ ಬಂದವರು ಬಾನೆಟ್ಟು, ಬಾಗಿಲು ತೊಳೆಯುತ್ತಾರೆ. ಪೈಪಿನೊಳಕ್ಕೆ ನೀರು ಬಿಟ್ಟವರನ್ನು ನಾನು ಕಂಡಿಲ್ಲ.

ಆಲೆಮನೆಯ ಗಾಡಿಗಳ ಸ್ಟೆಪ್ಪು ದೂರದಿಂದಲೇ ಗುರುತು ಸಿಗುತ್ತದೆ, ಇರುವೆ ಸಾಲಿನಿಂದ. ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ 1933ರಲ್ಲಿ ಶುರುವಾದರೂ ಆಲೆಮನೆಗಳು ಉಳಿದುಕೊಂಡು ಬಂದವು. ಪಾಕ ಮೆತ್ತಿದ ಚಪ್ಪಲಿಯಲ್ಲೇ ಹತ್ತಿ ಇಳಿಯುವವರ ಹೆಜ್ಜೆ ಹೆಜ್ಜೆಯೂ ಸ್ಟೆಪ್ಪಿನ ಮೇಲೆ ಉಳಿಯುತ್ತದೆ. ಕಬ್ಬಿನ ಹಾಲು ಸ್ವಭಾವದಲ್ಲೇ ತುಸು ಹುಳಿ. ನಿಂತು ಹುದುಗಿದರೆ ಹುಳಿ ಇನ್ನೂ ಏರುತ್ತದೆ. ಬೆಲ್ಲ ಮಳೆಗಾಲದಲ್ಲಿ ನೀರೊಡೆಯುವುದು ಈ ಕಡೆಯ ಮನೆಮನೆಗೂ ಗೊತ್ತು. ಅದೇ ಗುಣ ಸ್ಟೆಪ್ಪಿನ ಮೇಲೂ: ಜಿಡ್ಡು ದೂಳನ್ನು ಹಿಡಿಯುತ್ತದೆ, ದೂಳು ತೇವವನ್ನು. ಆದರೂ ನಾನು ನೋಡಿದ ಮಟ್ಟಿಗೆ ಗೊಬ್ಬರದ ಗಾಡಿಗಿಂತ ಬೆಲ್ಲದ ಗಾಡಿಯ ಸ್ಟೆಪ್ಪು ಹೆಚ್ಚು ಕಾಲ ಬಾಳುತ್ತದೆ. ಲೇಪ ಇಡಿಯಾಗಿದ್ದರೆ ಪಾಕ ಅದನ್ನೇನೂ ಮಾಡದು, ಬಿಸಿನೀರಿಗೆ ಬಿಟ್ಟುಹೋಗುತ್ತದೆ.

ಕೊಕ್ಕರೆಬೆಳ್ಳೂರಿನದು ಬೇರೆ ಕಥೆ. ಮದ್ದೂರು ತಾಲ್ಲೂಕಿನ, ಶಿಂಷಾ ಹೊಳೆಗೆ ಹತ್ತಿರದ ಈ ಊರಿನ ಹುಣಸೆ ಮರಗಳಿಗೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟಲು ಬರುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರವರು ಅವನ್ನು ಕಾಣುತ್ತಾರೆ; 2007ರಲ್ಲಿ ಊರು ಸಮುದಾಯ ಸಂರಕ್ಷಿತ ಪ್ರದೇಶವೂ ಆಯಿತು. ಮರದ ಕೆಳಗಿನ ಹಿಕ್ಕೆ ಬೆರೆತ ಮಣ್ಣು ಹೊಲಕ್ಕೆ ಒಳ್ಳೆಯ ಗೊಬ್ಬರ. ಅದೇ ಹಿಕ್ಕೆ, ನೆರಳಿಗೆಂದು ಮರದಡಿ ನಿಲ್ಲಿಸಿದ ಪ್ರವಾಸಿಗರ ಗಾಡಿಯ ಮೇಲೂ ಬೀಳುತ್ತದೆ. ಹಕ್ಕಿಯ ಹಿಕ್ಕೆಯಲ್ಲಿನ ಬಿಳಿಯ ಭಾಗ ಯೂರಿಕ್ ಆಮ್ಲ. ಬಿಸಿಲಿಗೆ ಕಾದ ಲೇಪ ಮೆತ್ತಗಾಗಿರುವಾಗ ಹಿಕ್ಕೆ ಒಣಗಿ ಗಟ್ಟಿಯಾಗಿ ಹಿಡಿದುಕೊಂಡರೆ, ಸಂಜೆ ತಣ್ಣಗಾಗುವಾಗ ಲೇಪ ಅದರ ಉಬ್ಬುತಗ್ಗಿನ ಆಕಾರಕ್ಕೇ ಕೂರುತ್ತದೆ. ತೊಳೆದ ಮೇಲೂ ಮಂಕು ಮಚ್ಚೆ ಉಳಿಯುವುದು ಅದರಿಂದ. ಪೌಡರ್ ಲೇಪದ ಮೇಲೆ ಇದು ಹೊಳಪನ್ನು ತಿನ್ನುತ್ತದೆ, ಕಬ್ಬಿಣಕ್ಕೆ ಇಳಿಯುವುದು ಅಪರೂಪ. ಒಡೆದ ಜಾಗದ ಮೇಲೆ ಬಿದ್ದರೆ ಮಾತ್ರ ಅದರಲ್ಲಿನ ಲವಣಗಳು ತುಕ್ಕಿಗೆ ಊಟವಾಗುತ್ತವೆ. ಗೂಡಿನ ಕಾಲದಲ್ಲಿ ಅಲ್ಲಿಗೆ ಹೋಗುವವರು ಊರಾಚೆ ಬಯಲಿನಲ್ಲಿ ಗಾಡಿ ನಿಲ್ಲಿಸಿ ನಡೆದು ಬರುವುದು ಗಾಡಿಗೂ ಒಳ್ಳೆಯದು, ಮರಿಗಳಿಗಂತೂ ಇನ್ನೂ ಒಳ್ಳೆಯದು.

ಮರ ಕೆಡುಕನ್ನೇ ಮಾಡುತ್ತದೆ ಎಂದಲ್ಲ. ಮುತ್ತತ್ತಿಯ ಹೊಳೆದಂಡೆಯಲ್ಲಿ ತೊರೆಮತ್ತಿಯ ಕೆಳಗೆ ನಿಂತಿದ್ದ ಜೀಪೊಂದರ ಸ್ಟೆಪ್ಪಿನ ಮೇಲೆ ಉದುರಿದ ಎಲೆ ತೊಗಟೆಗಳು ಮಳೆಗೆ ನೆನೆದು ರಾಶಿ ಬಿದ್ದಿದ್ದವು. ಕೈಯಿಂದ ಸರಿಸಿದಾಗ ಅಡಿಯಲ್ಲಿದ್ದ ತುಕ್ಕಿನ ಮಚ್ಚೆ ಕಂದಾಗಿರಲಿಲ್ಲ, ನೀಲಿಗಪ್ಪಾಗಿತ್ತು. ತೊಗಟೆಯ ಟ್ಯಾನಿನ್ ತುಕ್ಕಿನ ಕಬ್ಬಿಣದ ಜೊತೆ ಸೇರಿ ಕಟ್ಟಿದ ಬಣ್ಣ ಅದು. ತೊರೆಮತ್ತಿಯ ಕುಲದ್ದೇ ಆದ ಅಳಲೆಯ ಕಾಯಿಗೆ ಅನ್ನಭೇದಿ ಬೆರೆಸಿ ಹಿಂದಿನವರು ಶಾಯಿ ಮಾಡುತ್ತಿದ್ದದ್ದು ಇದೇ ರಸಾಯನದಿಂದ. ಇಂದು ಡಬ್ಬಿಯಲ್ಲಿ ಮಾರುವ ಕೆಲವು ರಸ್ಟ್ ಕನ್ವರ್ಟರುಗಳಲ್ಲೂ ಇರುವುದು ಟ್ಯಾನಿಕ್ ಆಮ್ಲವೇ. ಸಡಿಲ ತುಕ್ಕನ್ನು ಗಟ್ಟಿ ಕಪ್ಪು ಪದರವಾಗಿಸಿ, ಮೇಲೆ ಬಣ್ಣ ನಿಲ್ಲಲು ನೆಲೆ ಮಾಡಿಕೊಡುತ್ತದೆ. ಮರದಡಿಯ ರಾಶಿ ಅಷ್ಟು ನಿಗಾದಿಂದ ಕೆಲಸ ಮಾಡುವುದಿಲ್ಲ, ತೇವವನ್ನೂ ಹಿಡಿದಿಡುತ್ತದೆ. ಆದರೂ ಆ ನೀಲಿಗಪ್ಪನ್ನು ನೋಡಿ ನನಗಾದ ಸಂತೋಷ ದೊಡ್ಡದು.

ಅಂಗಡಿಯವರು ಸ್ಟೆಪ್ಪಿನ ಡಬ್ಬದ ಮೇಲೆ ಗಂಟೆಗಳ ಲೆಕ್ಕ ತೋರಿಸುತ್ತಾರೆ: ಐನೂರು ಗಂಟೆ, ಸಾವಿರ ಗಂಟೆ. ಅದು ಉಪ್ಪುಮಂಜಿನ ಪರೀಕ್ಷೆಯ ಅಂಕಿ. ಅಮೆರಿಕದಲ್ಲಿ 1939ರಲ್ಲಿ ಗೊತ್ತುಮಾಡಿದ, ಎ.ಎಸ್.ಟಿ.ಎಂ. ಬಿ-117 ಎಂಬ ಹೆಸರಿನ ಈ ಪರೀಕ್ಷೆಯಲ್ಲಿ 35 ಡಿಗ್ರಿಯ ಪೆಟ್ಟಿಗೆಯೊಳಗೆ ನೂರಕ್ಕೆ ಐದರ ಉಪ್ಪುನೀರನ್ನು ಬಿಡದೆ ಮಂಜಾಗಿ ಹೊಡೆಯುತ್ತಾರೆ. ಒಂದು ಲೇಪವನ್ನು ಇನ್ನೊಂದರ ಪಕ್ಕ ಇಟ್ಟು ತೂಗಲು ಅದು ಉಪಯೋಗಕ್ಕೆ ಬರುತ್ತದೆ. ಆದರೆ ಆ ಗಂಟೆಗಳನ್ನು ಮಂಡ್ಯದ ವರ್ಷಗಳಿಗೆ ತಿರುಗಿಸಲು ಬರುವುದಿಲ್ಲ. ಪೆಟ್ಟಿಗೆಯೊಳಗೆ ಬಿಸಿಲಿಲ್ಲ, ಜಲ್ಲಿ ಇಲ್ಲ, ಹಗಲು ಒಣಗಿ ರಾತ್ರಿ ನೆನೆಯುವ ಆವರ್ತನೆ ಇಲ್ಲ. ನಮ್ಮಲ್ಲಿ ಲೇಪವನ್ನು ಸೋಲಿಸುವುದು ಆ ಆವರ್ತನೆಯೇ. ಸ್ಟೆಪ್ಪು ಕೊಳ್ಳುವವರು ಗಂಟೆ ಕೇಳುವ ಬದಲು ಫಾಸ್ಫೇಟ್ ಆಗಿದೆಯೇ, ಕೆಳಗೆ ಜಿಂಕ್ ಪ್ರೈಮರ್ ಇದೆಯೇ, ಪೈಪಿನ ಒಳಗೇನು ಮಾಡಿದ್ದೀರಿ ಎಂಬ ಮೂರು ಪ್ರಶ್ನೆ ಕೇಳಲಿ. ಕಾರಿನ ಕಾರ್ಖಾನೆಗಳಲ್ಲಿ ಬಾಡಿಯನ್ನು ಇಡಿಯಾಗಿ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ತಿನಿಂದ ಪ್ರೈಮರ್ ಕೂರಿಸುವ ಕ್ರಮವಿದೆ. ಆ ದ್ರವ ಪುಡಿ ಹೋಗದ ಮೂಲೆಗೂ ಹೋಗುತ್ತದೆ. ಅಂಥದ್ದರ ಮೇಲೆ ಪೌಡರ್ ಹೊಡೆದ ಸ್ಟೆಪ್ಪು ಸಿಕ್ಕರೆ ದುಬಾರಿಯಾದರೂ ಕೊಳ್ಳಬೇಕು.

ಕಬ್ಬಿಣ ಬಾಳುವುದಿಲ್ಲ ಎಂದು ಮಾತ್ರ ಯಾರೂ ಹೇಳಬಾರದು. ಕೊಡಚಾದ್ರಿಯ ಮೇಲೆ, ನಾಡಿನ ಅತಿ ಹೆಚ್ಚು ಮಳೆಯ ಸೀಮೆಯಲ್ಲಿ, ಮೂಲ ಮೂಕಾಂಬಿಕೆಯ ಗುಡಿಯ ಬಳಿ ಹಳೆಯ ಕಬ್ಬಿಣದ ಕಂಬ ನಿಂತಿದೆ. ದೆಹಲಿಯ ಕಂಬ ಸುಮಾರು 1600 ವರ್ಷದ್ದು. ಅದರ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಿದ್ದು, ಅದು ಮೈಮೇಲೆ ರಕ್ಷಣೆಯ ಪದರ ಕಟ್ಟಿಕೊಂಡಿತು ಎಂಬುದನ್ನು ಲೋಹಶಾಸ್ತ್ರಜ್ಞರು ತೋರಿಸಿಕೊಟ್ಟಿದ್ದಾರೆ. ಪೀಣ್ಯದ ಫಾಸ್ಫೇಟ್ ತೊಟ್ಟಿಯಲ್ಲಿರುವುದೂ ರಂಜಕವೇ, ಬೇರೆ ರೂಪದಲ್ಲಿ. ಮದ್ದೂರಿನಿಂದ ಅನತಿ ದೂರದ ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುತ್ತಿದ್ದುದನ್ನು 1800ರಲ್ಲಿ ಈ ದಾರಿಯಾಗಿ ಹೋದ ಫ್ರಾನ್ಸಿಸ್ ಬುಕನನ್ ಬರೆದಿಟ್ಟಿದ್ದಾನೆ. ಕಬ್ಬಿಣದ ಹದ ಬಲ್ಲ ಸೀಮೆ ಇದು.

ಮದ್ದೂರಿನ ಗುಜರಿ ಅಂಗಡಿಯೊಂದರಲ್ಲಿ ಕಟರ್ ಹಾಕಿ ಎರಡು ಹೋಳು ಮಾಡಿದ ಸ್ಟೆಪ್ಪೊಂದು ಸಿಕ್ಕಿತು. ಹೊರಗೆ ಲೇಪ ಮುಕ್ಕಾಲು ಪಾಲು ಚೆನ್ನಾಗಿತ್ತು. ಉಗುರು ಹಾಕಿದರೂ ಏಳುತ್ತಿರಲಿಲ್ಲ. ಒಳಗೆ ಪೈಪಿನ ತಳ ಮಾತ್ರ ಎಲೆಯಷ್ಟು ತೆಳುವಾಗಿತ್ತು, ಮೇಲ್ಭಾಗ ಗಟ್ಟಿ. ಬೋಲ್ಟಿನ ತೂತಿನಿಂದ ಹೋದ ನೀರು ಹೊರಬರಲು ದಾರಿಯಿಲ್ಲದೆ ಉದ್ದಕ್ಕೂ ತಳದಲ್ಲಿ ಮಲಗಿದ್ದರ ಗುರುತು. ಎರಡು ಮಿಲಿಮೀಟರಿನ ಪೈಪು ಒಳಗಿನಿಂದ ಹೊರಕ್ಕೆ ತುಕ್ಕಾಗುತ್ತ ಬಂದು, ಕೊನೆಗೆ ಕಾಲಿಟ್ಟವರ ಭಾರಕ್ಕೆ ಮಡಿಸಿಕೊಂಡಿತ್ತು. ನೀರು ಬಸಿಯಲೆಂದು ಮಾಡಿದ ತೂತು ಒಂದು ತುದಿಯಲ್ಲಿ ಇದ್ದೇ ಇತ್ತು. ಅದರ ಬಾಯಿಗೆ ಮಣ್ಣಿನ ಬಿರಡೆ. ಬಿಡಿಸಿ ನೋಡಿದರೆ ಒಳಗೆ ಮಣ್ಣಿನ ಗೋಡೆ ಹಾಕಿದ ಸಣ್ಣ ಕೋಣೆಗಳು, ಕೋಣೆಯಲ್ಲಿ ಒಣಗಿದ ಜೇಡದ ಕಾಲುಗಳು. ಕಡಜವೊಂದು ತನ್ನ ಮರಿಗಳಿಗೆ ಜೇಡ ಕೂಡಿಟ್ಟು ಬಾಗಿಲು ಮುಚ್ಚಿ ಹೋಗಿತ್ತು. ಹೆಬ್ಬೆರಳು ಹಿಡಿಸದ ತೂತೆಂದರೆ ಅದಕ್ಕೆ ಹೇಳಿ ಮಾಡಿಸಿದ ಮನೆ.

ಪೈಪಿನ ಒಳಗೆ ಹಳೆಯ ಎಂಜಿನ್ ಆಯಿಲ್ ಸುರಿಯುವ ಪದ್ಧತಿ ಈ ಕಡೆ ಇದೆ. ತುಕ್ಕು ತಡೆಯುವುದು ನಿಜ, ಆದರೆ ಆ ಎಣ್ಣೆ ತೊಟ್ಟಿಕ್ಕುತ್ತ ಹೋಗುವುದು ಗದ್ದೆಗೆ, ನಾಲೆಗೆ, ಹೊಳೆಗೆ. ಅದನ್ನು ಬಿಡಬೇಕು. ಒಳಗೆ ಸಿಂಪಡಿಸಿ ಅಂಟಿಕೊಳ್ಳುವ ಮೇಣ ಅಂಗಡಿಯಲ್ಲಿ ಸಿಗುತ್ತದೆ, ಸಣ್ಣ ನಳಿಗೆ ಹಾಕಿ ತೂರಿಸಬಹುದು. ಹೊರಗಿನ ಚುಕ್ಕೆಗಳಿಗೆ ಬರಿಯ ರೆಡಾಕ್ಸೈಡ್ ಬಳಿದು ಬಿಡುವುದೂ ಸಾಲದು. ಅದು ಪ್ರೈಮರ್, ತೇವವನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಉಪ್ಪುಕಾಗದದಿಂದ ಬೆಳ್ಳಗೆ ಹೊಳೆಯುವ ತನಕ ಉಜ್ಜಿ, ಒಳ್ಳೆಯ ನೀರಿನಲ್ಲಿ ಉಪ್ಪು ಹೋಗುವಂತೆ ತೊಳೆದು, ಪೂರ್ತಿ ಒಣಗಿಸಿ, ಜಿಂಕ್ ಪ್ರೈಮರ್ ಮೇಲೆ ಎನಾಮಲ್ ಹೊಡೆಯಬೇಕು. ಗೊಬ್ಬರ ಹೇರಿದ ದಿನ ಸಂಜೆಯೇ ಪ್ಯಾಡು ತೆಗೆದು ತೊಳೆದರೆ ಅರ್ಧ ಕೆಲಸ ಅಲ್ಲೇ ಮುಗಿಯಿತು.

ಹೊಸ ಸ್ಟೆಪ್ಪು ಮಾಡಿಸುವವರು ಪುಡಿ ಹೊಡೆಸುವ ಮೊದಲೇ ಎರಡೂ ತುದಿಗೆ, ತೀರ ತಳದಲ್ಲಿ, ಎಂಟು ಮಿಲಿಮೀಟರಿನ ಒಂದೊಂದು ತೂತು ಕೊರೆಸಿ ಅಂಚು ಉಜ್ಜಿಸಲಿ. ಆಮೇಲೆ ಕೊರೆದರೆ ತೂತಿನ ಅಂಚೇ ಬರಿಗಬ್ಬಿಣ. ಭರಣಿ ಮಳೆಗೆ ಮುಂಚೆ ಆ ತೂತುಗಳಲ್ಲಿ ಒಂದು ಕಡ್ಡಿ ಆಡಿಸಬೇಕು. ಕಡಜದ ಮಣ್ಣಿನ ಬಿರಡೆ ಕಂಡರೆ ಕೂಡಲೇ ಕುತ್ತಬೇಡಿ. ಬಿರಡೆಯಲ್ಲಿ ದುಂಡನೆಯ ತೂತು ಬಿದ್ದಿದ್ದರೆ ಮರಿ ಹಾರಿಹೋಗಿದೆ ಎಂದು ಅರ್ಥ, ಬಿಡಿಸಬಹುದು. ಇಡಿಯಾಗಿ ಮುಚ್ಚಿದ್ದರೆ ಒಳಗಿನ್ನೂ ಮರಿ ಇದೆ. ಇನ್ನೊಂದು ತುದಿಯ ತೂತು ತೆರೆದಿದ್ದು, ಗಾಡಿಯನ್ನು ಅತ್ತ ತುಸು ಇಳಿಜಾರಿಗೆ ನಿಲ್ಲಿಸಿದರೆ ಮರಿ ಹಾರುವ ತನಕ ನೀರು ಅಲ್ಲಿಂದ ಬಸಿದುಕೊಳ್ಳುತ್ತದೆ.